ಮಂಚದಡಿಯ ಪೆಟ್ಟಿಗೆಗಳು



ಕಳೆದ ತಿಂಗಳು ಐರ್ಲೆಂಡಿನ ಗಾಲ್ವೆ ನಗರದಿಂದ ನನಗೊಂದು ಪತ್ರ ಬಂದಿತು. ಬರೆದವರು, ನಾನು ಹಿಂದೆ ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರ ಮನೆಯ ಅಳಿಯಂದಿರು. ಅವರ ಪತ್ನಿ ಅಲ್ಲಿಯ ಆಸ್ಪತ್ರೆಯಲ್ಲಿ ದಾದಿ. ಅವರು ಸರಕುಗಳ ಗೋದಾಮಿನಲ್ಲಿ ರಾತ್ರಿಪಾಳಿಯ ನೌಕರರು. ವಯಸ್ಸು ನಲವತ್ತೆಂಟು. ಮಕ್ಕಳ ಶಾಲೆ, ಮನೆಯ ಬಾಡಿಗೆ, ಊರಿಗೆ ಕಳುಹಿಸಬೇಕಾದ ಹಣ ಎಲ್ಲವನ್ನೂ ಕಳೆದು, ಎರಡು ವರ್ಷಗಳಿಂದ ಅಷ್ಟಿಷ್ಟು ಕೂಡಿಟ್ಟಿದ್ದಾರೆ. ಪತ್ರದಲ್ಲಿ ಎರಡು ಪ್ರಶ್ನೆಗಳಿದ್ದವು. “ಫಾದರ್, ನೀವು ಇಲ್ಲಿದ್ದಾಗ ಬಟನ್ ಅಕಾರ್ಡಿಯನ್ ಕಲಿತಿದ್ದಿರೆಂದು ಅತ್ತೆಯವರು ಹೇಳುತ್ತಿದ್ದರು. ನನಗೂ ಇಲ್ಲಿಯವರ ಸಂಗೀತವನ್ನು ನುಡಿಸುವ ಆಸೆ. ಕೈಗೆಟಕುವ ಬೆಲೆಯಲ್ಲಿ ಯಾವುದನ್ನು ಕೊಳ್ಳಲಿ? ಕೆಂಪು ಬಣ್ಣದ್ದೊಂದನ್ನು ನೋಡಿಟ್ಟಿದ್ದೇನೆ, ಬಹಳ ಸುಂದರವಾಗಿದೆ. ಮತ್ತೊಂದು ಮಾತು: ಈ ವಯಸ್ಸಿನಲ್ಲಿ ನನಗೆ ಬರುತ್ತದೆಯೇ?”

ಆ ‘ಕೆಂಪು’ ಎಂಬ ಪದವನ್ನು ಓದಿದೊಡನೆ ನಾನು ನಗಬೇಕೋ ಮರುಗಬೇಕೋ ತಿಳಿಯದಾದೆ. ನಾನು ಮೊದಲು ಕೊಂಡದ್ದೂ ಕೆಂಪು ಬಣ್ಣದ್ದೇ.

2013ರಿಂದ ಐದು ವರ್ಷಗಳ ಕಾಲ ನಾನು ಐರ್ಲೆಂಡಿನ ಪಶ್ಚಿಮ ಭಾಗದ ಕ್ಲೇರ್ ಜಿಲ್ಲೆಯ ಗ್ರಾಮವೊಂದರಲ್ಲಿದ್ದೆ. ಆ ಜಿಲ್ಲೆಯಲ್ಲಿ ಸಂಗೀತವೆಂಬುದು ವೇದಿಕೆಯ ಮೇಲಿನ ವಸ್ತುವಲ್ಲ. ಹಾಲು ಕರೆದು ಬಂದ ರೈತ, ಶಾಲೆಯ ಬಸ್ಸಿನ ಚಾಲಕಿ, ಅಂಚೆಯಣ್ಣ, ಹೀಗೆ ಐದಾರು ಜನ ಸಂಜೆ ಒಂದು ಮೇಜಿನ ಸುತ್ತ ಕುಳಿತರೆ ಸಾಕು, ಪಿಟೀಲು, ಕೊಳಲು, ಅಕಾರ್ಡಿಯನ್ ಹೊರಬರುತ್ತವೆ. ರೀಲ್, ಜಿಗ್ ಎಂಬ ಕುಣಿತದ ಗತ್ತುಗಳು ಒಂದರ ಬೆನ್ನಿಗೆ ಒಂದು ಹರಿಯುತ್ತವೆ. ಇದನ್ನು ಅವರು ‘ಸೆಷನ್’ ಎನ್ನುತ್ತಾರೆ. ಅಕಾರ್ಡಿಯನ್ನಿಗೆ ಅವರ ಐರಿಷ್ ಭಾಷೆಯಲ್ಲಿರುವ ಆಡುಹೆಸರಿನ ಅರ್ಥ ‘ಸಂಗೀತದ ಪೆಟ್ಟಿಗೆ’. ಇಂಗ್ಲಿಷಿನಲ್ಲಿ ಮಾತನಾಡುವಾಗಲೂ ಅದನ್ನು ಬರಿದೇ ‘ಬಾಕ್ಸ್’ ಎಂದೇ ಕರೆಯುತ್ತಾರೆ. ಹಾರ್ಮೋನಿಯಮ್ಮನ್ನು ‘ಪೆಟ್ಟಿಗೆ’ ಎಂದೇ ಕರೆದು ಬೆಳೆದ ನನಗೆ ಆ ಹೆಸರು ಕೇಳಿದೊಡನೆ ನಂಟು ಹುಟ್ಟಿತು. ಗುರುಮಠದ ದಿನಗಳಲ್ಲಿ ಗಾನವೃಂದಕ್ಕೆ ನಾನು ಹಾರ್ಮೋನಿಯಂ ನುಡಿಸಿದ್ದೆನಲ್ಲವೇ? ಅದೇ ಧೈರ್ಯದ ಮೇಲೆ ಯಾರನ್ನೂ ಕೇಳದೆ, ದೂರದ ನಗರದ ಅಂಗಡಿಯೊಂದರಿಂದ 380 ಯೂರೋ ತೆತ್ತು ಒಂದು ಪೆಟ್ಟಿಗೆಯನ್ನು ತಂದೆ. ಮೂರು ಸಾಲು ಗುಂಡಿಗಳು, ಮುತ್ತಿನ ಹೊಳಪಿನ ಕೆಂಪು ಮೈ. ಅಂಗಡಿಯವನು “ಕಲಿಯುವವರಿಗೆ ಇದೇ ಸರಿ” ಎಂದ. ನಾನು ನಂಬಿದೆ.

ಮುಂದಿನ ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡು, ಸಿ.ಡಿ. ಹಚ್ಚಿಟ್ಟು, ಒಂದೇ ಒಂದು ಸರಳ ಗತ್ತನ್ನು ಹಿಡಿಯಲು ಹೆಣಗಿದೆ. ಒಂದು ಸ್ವರ ಎಂದೂ ಕೈಗೆ ಸಿಗುತ್ತಿರಲಿಲ್ಲ. ಅಲ್ಲಿಗೆ ಬಂದಾಗಲೆಲ್ಲ ಬೆರಳು ತಡಕಾಡುತ್ತಿತ್ತು. ಕಿವಿ ಮಂದವಾಗಿದೆ, ಬೆರಳು ಬಿರುಸಾಗಿವೆ, ವಯಸ್ಸಾಯಿತು ಎಂದು ನನ್ನನ್ನು ನಾನೇ ಹಳಿದುಕೊಂಡೆ. ಇಂಥ ವಿಷಯದಲ್ಲಿ ನಮ್ಮ ವಿರುದ್ಧ ನಾವೇ ನೀಡುವ ತೀರ್ಪು ಎಷ್ಟು ಶೀಘ್ರ! ಒಂದು ಸಂಜೆ ಪೆಟ್ಟಿಗೆಯನ್ನು ಅದರ ಚೀಲದಲ್ಲಿ ತುಂಬಿ ಮಂಚದಡಿಗೆ ನೂಕಿದೆ.

ಅಲ್ಲಿಯ ಸಭಾಭವನದಲ್ಲಿ ಪ್ರತಿ ಬುಧವಾರ ಅಕಾರ್ಡಿಯನ್ ತರಗತಿ ನಡೆಯುತ್ತಿತ್ತು. ಕಲಿಸುತ್ತಿದ್ದವರು ಎಪ್ಪತ್ತು ದಾಟಿದ ರೈತರೊಬ್ಬರು. ಒಮ್ಮೆ ದೀಪ ಆರಿಸಿ ಬೀಗ ಹಾಕುವ ಹೊತ್ತಿನಲ್ಲಿ, ನಾಚಿಕೆಯಿಂದಲೇ ಅವರಲ್ಲಿ ವಿಷಯ ತಿಳಿಸಿದೆ. “ತನ್ನಿ ನೋಡೋಣ” ಎಂದರು. ತಂದೆ. ಅವರು ಮಡಿಲಲ್ಲಿಟ್ಟುಕೊಂಡು ನಾಲ್ಕು ಗುಂಡಿ ಒತ್ತಿದರು, ತಿದಿಯನ್ನೊಮ್ಮೆ ಎಳೆದರು, ಮೆಲ್ಲನೆ ನಕ್ಕರು. “ಫಾದರ್, ನಿಮ್ಮ ಬೆರಳಿಗೆ ಏನೂ ಆಗಿಲ್ಲ. ಇದು ಮೆಕ್ಸಿಕೋ ಕಡೆಯವರ ಶ್ರುತಿಯ ಪೆಟ್ಟಿಗೆ. ನೀವು ಹುಡುಕುತ್ತಿರುವ ಸ್ವರ ಇದರಲ್ಲಿ ಇರಬೇಕಾದ ಜಾಗದಲ್ಲಿ ಇಲ್ಲವೇ ಇಲ್ಲ.”

ಇಲ್ಲದ ಸ್ವರವನ್ನು ನಾಲ್ಕು ತಿಂಗಳು ಹುಡುಕಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹಾರ್ಮೋನಿಯಮ್ಮಿನಲ್ಲಿ ತಿದಿಯನ್ನು ಹೇಗೆ ಒತ್ತಿದರೂ ಒಂದು ಮನೆಗೆ ಒಂದೇ ಸ್ವರ. ಐರಿಷ್ ಸಂಗೀತದ ಬಟನ್ ಅಕಾರ್ಡಿಯನ್ ಹಾಗಲ್ಲ. ಅದು ನಮ್ಮ ಜಾತ್ರೆಗಳಲ್ಲಿ ಮಾರುವ ಮೌತ್ ಆರ್ಗನ್ನಿನ ಬಂಧು: ಊದಿದರೆ ಒಂದು ಸ್ವರ, ಉಸಿರೆಳೆದರೆ ಇನ್ನೊಂದು. ಹಾಗೆಯೇ ಇಲ್ಲಿ ಒಂದೇ ಗುಂಡಿಗೆ ತಿದಿಯನ್ನು ಒತ್ತಿದಾಗ ಒಂದು ಸ್ವರ, ಎಳೆದಾಗ ಮತ್ತೊಂದು. ಗುಂಡಿಗಳ ಒಂದೊಂದು ಸಾಲೂ ಒಂದೊಂದು ಶ್ರುತಿಗೆ ಕಟ್ಟಿದ ಮೌತ್ ಆರ್ಗನ್ ಇದ್ದಂತೆ. ಆದ್ದರಿಂದ ಯಾವ ಶ್ರುತಿಯ ಸಾಲುಗಳಿವೆ ಎಂಬುದರ ಮೇಲೆ ಆ ಪೆಟ್ಟಿಗೆ ಯಾವ ನಾಡಿನ ಸಂಗೀತಕ್ಕೆ ಸಲ್ಲುತ್ತದೆ ಎಂಬುದು ನಿಂತಿದೆ. ಐರಿಷ್ ಗತ್ತುಗಳಲ್ಲಿ ಹೆಚ್ಚಿನವು ಡಿ ಮತ್ತು ಜಿ ಶ್ರುತಿಗಳ ಸುತ್ತಲೇ ಸುತ್ತುತ್ತವೆ. ನನ್ನ ಕೆಂಪು ಪೆಟ್ಟಿಗೆಯ ಸಾಲುಗಳು ಜಿ, ಸಿ, ಎಫ್ ಶ್ರುತಿಯವು. ಡಿಯನ್ನು ಷಡ್ಜವಾಗಿ ಇಟ್ಟುಕೊಂಡರೆ ಸಿ ಶಾರ್ಪ್ ನಿಷಾದವಾಗುತ್ತದೆ; ಆ ಮೂರು ಸಾಲುಗಳ ಸಹಜ ಶ್ರೇಣಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ನಿಷಾದವಿಲ್ಲದೆ ಶಂಕರಾಭರಣ ಹಾಡಲು ಹೊರಟವನ ಪಾಡು ನನ್ನದಾಗಿತ್ತು. ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ ಎಂಬುದನ್ನೂ ಹೇಳಬೇಕು. ಮೆಕ್ಸಿಕೋದ ಉತ್ತರ ಭಾಗದ ಸಂಗೀತಗಾರನ ಕೈಯಲ್ಲಿ ಅದು ಸೊಗಸಾಗಿ ಹಾಡುತ್ತಿತ್ತು. ಅಗ್ಗವಾಗಿ, ಅಂದವಾಗಿ, ಎಲ್ಲೆಡೆ ಸಿಗುವುದು ಇಂಥದೇ ಆದ್ದರಿಂದ ಹೊಸಬರು ಮೊದಲು ಎಡವುವುದು ಇಲ್ಲಿಯೇ.

ಹಾಗಾದರೆ ಐರಿಷ್ ವಾದಕರು ನುಡಿಸುವುದು ಯಾವುದನ್ನು? ಬಹುಪಾಲು ಜನ ಬಿ-ಸಿ ಎಂಬ ಎರಡು ಸಾಲಿನದನ್ನು. ಕೆಲವರು ಸಿ ಶಾರ್ಪ್-ಡಿ ಎಂಬುದನ್ನು. ಎರಡರಲ್ಲೂ ಸಾಲುಗಳ ನಡುವೆ ಅರ್ಧ ಸ್ವರದ ಅಂತರ. ಆದ್ದರಿಂದ ಹನ್ನೆರಡು ಸ್ವರಸ್ಥಾನಗಳೂ ಸಿಗುತ್ತವೆ. ಆದರೆ ನಡೆ ಬೇರೆ. ಬಿ-ಸಿಯಲ್ಲಿ ಡಿ ಶ್ರುತಿಯ ಆರೋಹಣವನ್ನು ನುಡಿಸುವಾಗ ‘ಸ’ ಎಳೆತ, ‘ರಿ ಗ ಮ’ ಒತ್ತು, ‘ಪ ದ ನಿ ಸ’ ಮತ್ತೆ ಎಳೆತ. ತಿದಿಯ ದಿಕ್ಕು ಪದೇ ಪದೇ ಬದಲಾಗದು; ಸ್ವರಗಳು ನೀರಿನಂತೆ ಹರಿಯುತ್ತವೆ. ಸಿ ಶಾರ್ಪ್-ಡಿಯಲ್ಲಿ ಅದೇ ಆರೋಹಣ ಒತ್ತು, ಎಳೆತ, ಒತ್ತು, ಎಳೆತ ಎಂದು ಹೆಜ್ಜೆಹೆಜ್ಜೆಗೂ ತಿರುಗುತ್ತದೆ. ಕುಣಿಯುವವನ ಕಾಲಿಗೆ ಬೇಕಾದ ನೂಕು ಅದರಲ್ಲಿದೆ. ಬಿ-ಸಿಯ ನಡೆಗೆ ರೂಪ ಕೊಟ್ಟವರಲ್ಲಿ ಟಿಪ್ಪರರಿ ಜಿಲ್ಲೆಯ ಪ್ಯಾಡಿ ಓಬ್ರಿಯನ್ (1922–1991) ಪ್ರಮುಖರು. ಗಾಲ್ವೆಯ ಜೋ ಬರ್ಕ್ (1939–2021) ಅದನ್ನು ಇನ್ನಷ್ಟು ಅಲಂಕರಿಸಿದರು. ಮತ್ತೊಂದು ನಡೆಗೆ ಜೋ ಕೂಲಿ ಹೆಸರಾದವರು. (ಕೂಲಿ ಎಂಬುದು ಅವರ ಮನೆತನದ ಹೆಸರು, ನಮ್ಮ ಕನ್ನಡದ ಕೂಲಿಯಲ್ಲ!) ಬಹುಕಾಲ ಅಮೆರಿಕದಲ್ಲಿದ್ದು, ಕಾಯಿಲೆಯವರಾಗಿ ಊರಿಗೆ ಮರಳಿ, 1973ರ ನವೆಂಬರಿನಲ್ಲಿ ತಮ್ಮ ಹುಟ್ಟೂರಾದ ಪೀಟರ್ಸ್‌ವೆಲ್ಲಿನ ಪಾನಗೃಹದಲ್ಲಿ ನೆರೆಹೊರೆಯವರ ನಡುವೆ ನುಡಿಸಿದರು. ಮುಂದಿನ ತಿಂಗಳೇ ತೀರಿಕೊಂಡರು. ಆ ರಾತ್ರಿಯ ವಾದನ 1975ರ ಧ್ವನಿಮುದ್ರಿಕೆಯಲ್ಲಿ ಉಳಿದಿದೆ. ಕೇಳುಗರ ಕೇಕೆಯೂ ಅದರಲ್ಲಿದೆ. ನಾನು ಅದನ್ನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ.

ಈ ವಾದ್ಯವನ್ನು ಐರ್ಲೆಂಡಿನ ಪಂಡಿತರೆಲ್ಲ ಆದರಿಸಿದರೆಂದೇನೂ ಇಲ್ಲ. ಸಂಗೀತಜ್ಞ ಶಾನ್ ಓ ರಿಯಾಡ ಅವರು 1962ರ ತಮ್ಮ ರೇಡಿಯೊ ಉಪನ್ಯಾಸಗಳಲ್ಲಿ ಅಕಾರ್ಡಿಯನ್ನಿನ ಬಗ್ಗೆ ಬಹಳ ಕಟುವಾಗಿ ಮಾತನಾಡಿದರು. ವಿಚಿತ್ರವೆಂದರೆ ಅವರದೇ ವಾದ್ಯವೃಂದದಲ್ಲಿ ಸನ್ನಿ ಬ್ರೋಗನ್ ಎಂಬ ಅಕಾರ್ಡಿಯನ್ ವಾದಕರಿದ್ದರು! ನಮ್ಮಲ್ಲಿ ಹಾರ್ಮೋನಿಯಮ್ಮಿಗೆ ಆಕಾಶವಾಣಿಯ ಬಾಗಿಲು ಮುಚ್ಚಿದ್ದ ವರ್ಷಗಳು ನೆನಪಾಗುತ್ತವೆ. ಪೆಟ್ಟಿಗೆಗಳ ಹಣೆಬರಹ ಎಲ್ಲೆಡೆಯೂ ಒಂದೇ ಇರಬೇಕು.

ಬಿ-ಸಿಯೋ, ಸಿ ಶಾರ್ಪ್-ಡಿಯೋ ಎಂಬ ವಾದ ಅಲ್ಲಿಯವರ ನಡುವೆ ಮುಗಿಯುವಂಥದಲ್ಲ. ಗಾಲ್ವೆಯ ನನ್ನ ಮಿತ್ರರಿಗೆ ನಾನು ಬರೆದದ್ದು ಇಷ್ಟೇ: ವಾರಕ್ಕೊಮ್ಮೆ ನಿಮ್ಮೆದುರು ಕುಳಿತು ಕಲಿಸುವವರು ಯಾವುದನ್ನು ನುಡಿಸುತ್ತಾರೋ ಅದನ್ನೇ ಕೊಳ್ಳಿ. ಮೊದಲು ಗುರು, ಆಮೇಲೆ ಪೆಟ್ಟಿಗೆ. ಐರಿಷ್ ಸಂಗೀತವನ್ನು ಕಲಿಯುವುದು ಬಹುಮಟ್ಟಿಗೆ ಕಿವಿಯಿಂದ, ಕಲಿಸುವವರ ಬೆರಳನ್ನು ನೋಡಿ. ಗುರುವಿನದು ಒಂದು ಬಗೆ, ಶಿಷ್ಯನದು ಇನ್ನೊಂದು ಬಗೆಯಾದರೆ ಇಬ್ಬರಿಗೂ ಶ್ರಮ. 1951ರಲ್ಲಿ ಸ್ಥಾಪನೆಯಾದ ಕೋಲ್ತಸ್ ಎಂಬ ಸಂಗೀತ ಸಂಸ್ಥೆಯ ಶಾಖೆಗಳು ದೇಶದಾದ್ಯಂತ ಇವೆ. ವಯಸ್ಕರಿಗೂ ತರಗತಿ ನಡೆಸುವ ಶಾಖೆಗಳುಂಟು. ಅಲ್ಲಿಗೆ ಹೋಗಿ ಎರಡು ವಾರ ಸುಮ್ಮನೆ ಕುಳಿತು ನೋಡಿ, ಕಿಸೆಗೆ ಕೈಹಾಕಬೇಡಿ ಎಂದು ಬರೆದೆ. ಕೆಲವು ಕಡೆ ಕಲಿಯುವವರಿಗೆ ವಾದ್ಯವನ್ನು ಎರವಲಾಗಿಯೂ ಕೊಡುತ್ತಾರೆ. ಕೇಳಿದರೆ ಏನೂ ಕಳೆದುಕೊಳ್ಳುವುದಿಲ್ಲ. ನಮ್ಮವರಿಗೆ ಕೇಳಲು ಸಂಕೋಚ, ಅದೊಂದೇ ತೊಡಕು.

ಡಿ-ಜಿ ಎಂಬ ಮತ್ತೊಂದು ಬಗೆಯೂ ಅಂಗಡಿಗಳಲ್ಲಿ ಧಾರಾಳವಾಗಿ ಕಾಣುತ್ತದೆ. ಹೆಸರು ಕೇಳಿದರೆ ಐರಿಷ್ ಗತ್ತುಗಳಿಗೆ ಹೇಳಿ ಮಾಡಿಸಿದಂತಿದೆ. ಕೆಲವು ಒಳ್ಳೆಯ ವಾದಕರು ಅದರಲ್ಲಿ ಐರಿಷ್ ಸಂಗೀತ ನುಡಿಸುವುದೂ ಉಂಟು. ಆದರೆ ಅದು ಮುಖ್ಯವಾಗಿ ಇಂಗ್ಲೆಂಡಿನ ಜನಪದ ಕುಣಿತಗಳ ಸಂಗಾತಿ. ಗತ್ತು ಬೇರೆ ಶ್ರುತಿಗೆ ಹೊರಳಿದರೆ ಸ್ವರಗಳ ಕೊರತೆ ಬೀಳುತ್ತದೆ, ಕಲಿಸುವವರೂ ಅಲ್ಲಿ ವಿರಳ. ಹಣ ತೀರಾ ಕಡಿಮೆಯಿದ್ದರೆ ಡಿ ಶ್ರುತಿಯ ಒಂದೇ ಸಾಲಿನ, ಹತ್ತು ಗುಂಡಿಯ ‘ಮೆಲೋಡಿಯನ್’ ಕೊಳ್ಳುವುದು ಇದಕ್ಕಿಂತ ಮೇಲು. ಸ್ವರಗಳು ಕಡಿಮೆ, ಆದರೆ ಇರುವುದೆಲ್ಲ ಬೇಕಾದವೇ. ಅಷ್ಟರಲ್ಲೇ ಜೀವಮಾನ ಕಳೆದ ಹಿರಿಯ ವಾದಕರಿದ್ದಾರೆ.

ಬೆಲೆಯ ಮಾತಿಗೆ ಬರೋಣ. ಇಟಲಿಯಲ್ಲಿ ಕೈಯಿಂದ ಮಾಡಿದ ಕಾಸ್ಟಾನ್ಯಾರಿಯಂಥ ಹೊಸ ವಾದ್ಯಗಳಿಗೆ ಹಲವು ಸಾವಿರ ಯೂರೋ ತೆರಬೇಕು. ಐರಿಷ್ ವಾದಕರು ಪ್ರಾಣದಂತೆ ಕಾಣುವ ಪಾವ್ಲೊ ಸೊಪ್ರಾನಿಯ ಹಳೆಯ ಬೂದುಬಣ್ಣದ ಪೆಟ್ಟಿಗೆಗಳೂ ಅಷ್ಟೇ ದುಬಾರಿ. ಅವುಗಳ ಕನಸು ಸದ್ಯಕ್ಕೆ ಬೇಡ. ಜರ್ಮನಿಯ ಹೋನರ್ ಕಂಪನಿಯ ಹಳೆಯ ‘ಡಬಲ್ ರೇ’ ಎಂಬ ಬಿ-ಸಿ ವಾದ್ಯ ಐರ್ಲೆಂಡಿನಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. 21 ಗುಂಡಿ, ಎಡಗೈಗೆ 8. ಚೆನ್ನಾಗಿ ನೋಡಿಕೊಂಡದ್ದು ಸಾವಿರ ಯೂರೋ ಒಳಗೇ ದೊರೆಯುತ್ತದೆ. ಅದೇ ಕಂಪನಿಯ ‘ಎರಿಕಾ’ ಹೆಚ್ಚಾಗಿ ಸಿಗುವುದು ಡಿ-ಜಿಯಂಥ ಶ್ರುತಿಗಳಲ್ಲಿ. ಬಿ-ಸಿಗೆ ಬದಲಿಸಿದವೂ ಕೆಲವು ಕೈಬದಲಾಗುತ್ತಿರುತ್ತವೆ. ಚೀನಾದಲ್ಲಿ ತಯಾರಾದ ತೀರಾ ಅಗ್ಗದ ಹೊಸ ಪೆಟ್ಟಿಗೆಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಒಂದೊಂದು ಚೆನ್ನಾಗಿರುತ್ತದೆ, ಆದರೆ ಅದು ನಿಮ್ಮ ಪಾಲಿಗೇ ಬರುತ್ತದೆಂಬ ಭರವಸೆ ಇಲ್ಲ. ಅದೇ ಹಣಕ್ಕೆ, ವಾದ್ಯ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ದು ಬಳಸಿದ್ದನ್ನು ಕೊಳ್ಳುವುದೇ ಲೇಸು. ಮುಂದೆ ಬೇಡವಾದರೂ ಆ ದೇಶದಲ್ಲಿ ಬಿ-ಸಿ ಪೆಟ್ಟಿಗೆಗೆ ಕೊಳ್ಳುವವರು ಇದ್ದೇ ಇರುತ್ತಾರೆ.

ಕೊಳ್ಳುವ ಮುನ್ನ ಹೇಗೆ ಪರೀಕ್ಷಿಸಬೇಕೆಂಬುದನ್ನು ನನಗೆ ಆ ಹಿರಿಯರೇ ತೋರಿಸಿಕೊಟ್ಟರು. ತಿದಿಯ ಪಟ್ಟಿಗಳನ್ನು ಬಿಚ್ಚಿ, ಯಾವ ಗುಂಡಿಯನ್ನೂ ಒತ್ತದೆ, ಬಲಬದಿಯನ್ನು ಎತ್ತಿ ಹಿಡಿದು ಎಡಬದಿಯನ್ನು ಅದರ ಭಾರಕ್ಕೇ ಇಳಿಯಲು ಬಿಡಬೇಕು. ಒಳ್ಳೆಯ ಪೆಟ್ಟಿಗೆ ಬಾವಿಗೆ ಇಳಿಬಿಟ್ಟ ಕೊಡದಂತೆ ನಿಧಾನವಾಗಿ ಇಳಿಯುತ್ತದೆ. ದೊಪ್ಪನೆ ಬಿದ್ದರೆ ಎಲ್ಲಿಯೋ ಗಾಳಿ ಸೋರುತ್ತಿದೆ ಎಂದು ತಿಳಿಯಬೇಕು. ಸೋರುವ ಪೆಟ್ಟಿಗೆಯಲ್ಲಿ ಒಂದು ಸಾಲನ್ನು ನುಡಿಸುವಷ್ಟರಲ್ಲಿ ತಿದಿ ಪೂರ್ತಿ ತೆರೆದುಕೊಳ್ಳುತ್ತದೆ. ಹೊಸಬನಿಗೆ ಅದು ತಿಳಿಯದು, ತನ್ನ ತೋಳಿಗೆ ಬಲವಿಲ್ಲವೆಂದೇ ಭಾವಿಸುತ್ತಾನೆ. ಅನಂತರ ಪ್ರತಿ ಗುಂಡಿಯನ್ನೂ ಒತ್ತಿ ಒಮ್ಮೆ, ಎಳೆದು ಒಮ್ಮೆ ಕೇಳಬೇಕು. 21 ಗುಂಡಿಗೆ 42 ಸ್ವರ. ಮೆಲ್ಲಗೆ ಎಳೆದಾಗಲೂ ನುಡಿಯಬೇಕು. ತಡವಾಗಿ ಬಾಯಿಬಿಡುವ ಸ್ವರ ರೋಗದ ಲಕ್ಷಣ. ಹಾರ್ಮೋನಿಯಮ್ಮಿನ ರೀಡುಗಳು ಹಿತ್ತಾಳೆಯವು. ಇದರವು ಉಕ್ಕಿನವು, ತೇವ ತಗುಲಿದರೆ ತುಕ್ಕು. ಅವುಗಳನ್ನು ಮೇಣದಿಂದ ಕೂರಿಸಿರುತ್ತಾರೆ. ಹಳೆಯ ಮೇಣ ಒಣಗಿ ಬಿರುಕು ಬಿಡುತ್ತದೆ, ಚರ್ಮದ ಪುಟ್ಟ ಮುಚ್ಚಳಗಳು ಸುರುಳಿಗಟ್ಟುತ್ತವೆ. ಆದ್ದರಿಂದ ಮೂಗನ್ನೂ ಬಳಸಿ: ಮುಗ್ಗಲು ವಾಸನೆ ಬಂದರೆ ಕೆಳಗಿಟ್ಟು ಬನ್ನಿ. ಎಲ್ಲ ರೀಡುಗಳನ್ನೂ ಮತ್ತೆ ಶ್ರುತಿಗೊಳಿಸಲು ತಗಲುವ ವೆಚ್ಚ ಪೆಟ್ಟಿಗೆಯ ಬೆಲೆಯನ್ನೇ ಮೀರುವುದುಂಟು.

ಇನ್ನು ದನಿ. ಒಂದೇ ಸ್ವರಕ್ಕೆ ಎರಡು ರೀಡುಗಳಿದ್ದು, ಅವುಗಳ ನಡುವೆ ಕೂದಲೆಳೆಯ ಅಂತರವಿಟ್ಟಾಗ ಒಂದು ನಡುಕ ಹುಟ್ಟುತ್ತದೆ. ಹಿಂದಿನವರಿಗೆ ಹೆಚ್ಚು ನಡುಕ ಪ್ರಿಯ. ಈಗಿನವರು ಕಡಿಮೆ ಮಾಡಿಕೊಂಡಿದ್ದಾರೆ. ಅದು ರುಚಿಯ ವಿಷಯ. ನನಗೆ ಹಿಂದಿನದೇ ಇಷ್ಟ.

ನನ್ನ ಕಥೆ ಎಲ್ಲಿಗೆ ಬಂದಿತ್ತು? ಆ ಹಿರಿಯರು ಅಂದು ರಾತ್ರಿ ತಮ್ಮ ಮನೆಗೆ ಕರೆದೊಯ್ದು, ಅಟ್ಟದಿಂದ ಹಳೆಯ ಡಬಲ್ ರೇ ಒಂದನ್ನು ಇಳಿಸಿ ಕೊಟ್ಟರು. ಬಣ್ಣ ಮಾಸಿತ್ತು, ಒಂದು ಗುಂಡಿಯ ತಲೆ ಹಾರಿಹೋಗಿ ಅಲ್ಲಿ ಅಂಗಿಯ ಗುಂಡಿಯೊಂದನ್ನು ಅಂಟಿಸಿದ್ದರು. ಎರಡು ವಾರದೊಳಗೆ ನಾನು ಒಂದು ಗತ್ತನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದೆ. ತಪ್ಪುಗಳಿದ್ದವು, ಆದರೆ ಅವು ನನ್ನವೇ ಆದ ತಪ್ಪುಗಳಾಗಿದ್ದವು, ತಿದ್ದಿಕೊಳ್ಳಬಹುದಾಗಿತ್ತು. ಆ ಸಂತೋಷವನ್ನು ಕಂಡು ಅವರು ಹೇಳಿದ ಮಾತು ನನ್ನನ್ನು ಬಹಳ ದಿನ ಕಾಡಿತು. “ಈ ಊರಿನಲ್ಲಿ ಎಷ್ಟೋ ಮನೆಗಳ ಮಂಚದಡಿಯಲ್ಲಿ ಪೆಟ್ಟಿಗೆಗಳಿವೆ, ಫಾದರ್. ಕೊಂಡವರೆಲ್ಲ ತಮಗೆ ಸಂಗೀತ ಒಲಿಯಲಿಲ್ಲವೆಂದು ಹೇಳಿಕೊಂಡೇ ಸತ್ತರು. ಅವರ ಮಕ್ಕಳು ನನಗೆ ತಂದು ತೋರಿಸುತ್ತಾರೆ. ಎಳೆದು ನೋಡುತ್ತೇನೆ: ಗಾಳಿ ಸೋರುತ್ತಿರುತ್ತದೆ.”

ಅವರ ತಮ್ಮನದೂ ಅಂಥದೊಂದು ಪೆಟ್ಟಿಗೆಯಂತೆ. ತಮ್ಮನನ್ನು ಇಡೀ ಮನೆಯೇ ‘ಕಿವಿಯಿಲ್ಲದವನು’ ಎಂದು ನಗುತ್ತಿತ್ತಂತೆ. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

2018ರಲ್ಲಿ ಊರಿಗೆ ಮರಳುವಾಗ ಡಬಲ್ ರೇಯನ್ನು ತರಲು ಅವರು ಒತ್ತಾಯಿಸಿದರು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಆ ಉಕ್ಕಿನ ರೀಡುಗಳ ಗತಿಯೇನೆಂದು ಯೋಚಿಸಿ, ತರಗತಿಗೆ ಹೊಸದಾಗಿ ಸೇರಿದ್ದ ಬಸ್ಸಿನ ಚಾಲಕಿಯೊಬ್ಬರಿಗೆ ಅದನ್ನು ಕೊಡಿಸಿ ಬಂದೆ. ಕೆಂಪು ಪೆಟ್ಟಿಗೆಯನ್ನು ಅರ್ಧ ಬೆಲೆಗೆ ಮಾರಿದೆ. ಮಾರುವಾಗ ಶ್ರುತಿ ಯಾವುದೆಂದು ಚೀಟಿ ಬರೆದು ಅಂಟಿಸಿದ್ದೆ.

ಗಾಲ್ವೆಗೆ ಇದನ್ನೆಲ್ಲ ಬರೆದು ಕಳುಹಿಸಿದೆ. ಅವರ ಎರಡನೆಯ ಪ್ರಶ್ನೆಗೆ, ಅಂದರೆ ಈ ವಯಸ್ಸಿನಲ್ಲಿ ಬರುತ್ತದೆಯೇ ಎಂಬುದಕ್ಕೆ, ಒಳ್ಳೆಯ ಪೆಟ್ಟಿಗೆ ಮಡಿಲಿಗೆ ಬರುವವರೆಗೆ ಉತ್ತರಿಸಲಾರೆ, ನೀವೂ ಉತ್ತರಿಸಿಕೊಳ್ಳಬೇಡಿ ಎಂದೆ. ಮೊನ್ನೆ ಭಾನುವಾರ ಸಂಜೆ ಅವರಿಂದ ಫೋನ್ ಬಂದಿತು. ಕೆಂಪು ಪೆಟ್ಟಿಗೆಯನ್ನು ಕೈಬಿಟ್ಟಿದ್ದಾರೆ. ತರಗತಿಯೊಂದನ್ನು ಹುಡುಕಿ ಎರಡು ವಾರ ಕುಳಿತು ಬಂದಿದ್ದಾರೆ. ಕಲಿಸುವ ಹೆಂಗಸು ಬಿ-ಸಿ ನುಡಿಸುವವರು. ಶನಿವಾರ ಪಾಳಿ ಮುಗಿಸಿ, ನಿದ್ದೆಯನ್ನೂ ಮಾಡದೆ, ಹೆಂಡತಿಯೊಡನೆ ಬಸ್ಸು ಹಿಡಿದು ಹಳ್ಳಿಯೊಂದಕ್ಕೆ ಹೋಗಿ ಬಳಸಿದ ವಾದ್ಯವೊಂದನ್ನು ನೋಡಿದರಂತೆ. ಹೊರಗಿನಿಂದ ಹೊಸದರಂತಿತ್ತು. ಬಲಬದಿಯನ್ನು ಎತ್ತಿ ಹಿಡಿದರಂತೆ.

“ದೊಪ್ಪನೆ ಬಿತ್ತು, ಫಾದರ್,” ಎಂದರು ನಗುತ್ತ. “ಕೊಳ್ಳದೆ ಬಂದೆವು. ಮುಂದಿನ ಶನಿವಾರ ಇನ್ನೊಂದು ಕಡೆ ಹೋಗುತ್ತೇವೆ.”